ಹಳೆ ಎಂಜಿನ್ನಿನ ನಿಧಾನ: ದೊಡ್ಡ ಪುಲ್ಲಿಯೂ ನೀರಿನ ಡ್ರಮ್ಮೂ

ಮಾನ್ಯ ಸಂಪಾದಕರೇ,

ದಾವಣಗೆರೆಯ ಗ್ಯಾರೇಜುಗಳಿಗೆ ಬರುವ ಗಿರಾಕಿಗಳಲ್ಲಿ ಹಲವರು ಈಗ ಮೊಬೈಲ್ ಮುಂದೆ ಹಿಡಿದೇ ಮಾತು ತೆಗೆಯುತ್ತಾರೆ. ‘ಇದು ಹಳೇ ಕಾಲದ ಡಿಸೈನ್ ಅಂತೆ, ಕಂಪನಿಯವರು ಮುಚ್ಚಿಟ್ಟಿದ್ದಾರಂತೆ, ಪೆಟ್ರೋಲನ್ನು ಆವಿ ಮಾಡಿ ಬಿಟ್ಟರೆ ಬೈಕು ಲೀಟರಿಗೆ 200 ಕಿಲೋಮೀಟರ್ ಓಡುತ್ತಂತೆ. ಹಾಕಿಕೊಡ್ತೀರಾ ಅಣ್ಣಾ?’ ಹಳೆಯ ಎಂಜಿನ್‌ಗಳಿಂದ ಕಲಿಯುವುದು ಬಹಳ ಇದೆ, ಮುಖ್ಯವಾಗಿ ಹೊಲಕ್ಕೆ ನೀರೆತ್ತುವ ಡೀಸೆಲ್ ಎಂಜಿನ್ನುಗಳಿಗೆ. ಅದನ್ನೇ ಹೇಳಲು ಈ ಪತ್ರ. ಆದರೆ ಕಲಿಯಬೇಕಾದ್ದು ಇದಲ್ಲ.

ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಾಖ ಸುಮಾರು 32 ಮೆಗಾಜೌಲ್. ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 9 ಯೂನಿಟ್. ಒಬ್ಬ ಸವಾರ ಕೂತ 100 ಸಿ.ಸಿ. ಬೈಕು ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಳಿ ಸೀಳಿಕೊಂಡು ಹೋಗಲು ಚಕ್ರದ ಬಳಿ ಹೆಚ್ಚುಕಡಿಮೆ 1.4 ಕಿಲೋವ್ಯಾಟ್ ಶಕ್ತಿ ಬೇಕು. ಲೀಟರಿಗೆ 200 ಕಿ.ಮೀ. ಓಡಬೇಕಾದರೆ ಆ ಬೈಕು ಗಂಟೆಗೆ ಕಾಲು ಲೀಟರ್ ಮಾತ್ರ ಸುಡಬೇಕು, ಅಂದರೆ ಸುಮಾರು 2.2 ಯೂನಿಟ್ ಶಾಖ. ಅದರಲ್ಲಿ 1.4 ಯೂನಿಟ್ ಕೆಲಸ ಹೊರಬರಬೇಕೆಂದರೆ ಎಂಜಿನ್ ದಕ್ಷತೆ ಶೇ 63 ಆಗಬೇಕು. 2015ರಲ್ಲಿ ಟೊಯೊಟಾದವರು ಪ್ರಿಯಸ್ ಕಾರಿನ ಪೆಟ್ರೋಲ್ ಎಂಜಿನ್ ಶೇ 40 ಮುಟ್ಟಿತು ಎಂದಾಗ ಅದೇ ದೊಡ್ಡ ಸುದ್ದಿಯಾಗಿತ್ತು. ಬಿಸಿಯಾದ ಎಂಜಿನ್ನಿನಲ್ಲಿ ಸುಡದೆ ಹೊರಹೋಗುವ ಪೆಟ್ರೋಲ್ ತೀರಾ ಸ್ವಲ್ಪ, ಆದ್ದರಿಂದ ಅದನ್ನು ಮೊದಲೇ ಆವಿ ಮಾಡಿ ಕೊಟ್ಟು ಉಳಿಸುವುದಕ್ಕೆ ಏನೂ ಇಲ್ಲ. ಸೀಟಿನ ಕೆಳಗೆ ಪೆಟ್ರೋಲ್ ಆವಿ ತುಂಬಿದ ಡಬ್ಬಿ ಇಟ್ಟುಕೊಂಡು ಓಡಾಡುವ ಅಪಾಯ ಮಾತ್ರ ನಿಜ.

ನಷ್ಟವಾಗುತ್ತಿರುವುದು ಸುಟ್ಟ ಮೇಲೆ ಹುಟ್ಟಿದ ಶಾಖ. ಯಾವುದೇ ಸಾಧಾರಣ ಎಂಜಿನ್ನಿನಲ್ಲಿ ಇಂಧನದ ಶಾಖದಲ್ಲಿ ಮೂರರಲ್ಲೊಂದು ಪಾಲು ಕೆಲಸವಾದರೆ, ಹೆಚ್ಚುಕಡಿಮೆ ಇನ್ನೊಂದು ಪಾಲು ತಂಪು ಮಾಡುವ ನೀರು ಅಥವಾ ಗಾಳಿಗೆ, ಮತ್ತೊಂದು ಸೈಲೆನ್ಸರಿಗೆ ಹೋಗುತ್ತದೆ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುವ ಗಳಿಗೆಯಲ್ಲೂ ಸಿಲಿಂಡರಿನೊಳಗೆ ಹೊರಗಿನ ಗಾಳಿಯ ಕೆಲವು ಪಟ್ಟು ಒತ್ತಡ ಉಳಿದಿರುತ್ತದೆ. ಸೈಲೆನ್ಸರ್ ಬಿಚ್ಚಿದಾಗ ಕಿವಿಗೆ ಬಡಿಯುವ ಆ ಸದ್ದು ಕೆಲಸಕ್ಕೆ ಬಾರದೆ ಹೋದ ಒತ್ತಡದ್ದು.

ಈ ಮಾತನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರಲ್ಲಿ ಇಂಗ್ಲೆಂಡಿನ ಜೇಮ್ಸ್ ಅಟ್ಕಿನ್ಸನ್ ಒಬ್ಬರು. ಜರ್ಮನಿಯ ನಿಕೊಲಾಸ್ ಒಟ್ಟೊ ನಾಲ್ಕು ಸ್ಟ್ರೋಕ್‌ನ ಎಂಜಿನ್ ಮಾಡಿದ್ದು 1876ರಲ್ಲಿ. ಅಟ್ಕಿನ್ಸನ್ 1882ರಲ್ಲಿ ಒಂದು, 1887ರಲ್ಲಿ ಇನ್ನೊಂದು ಬಗೆಯ ಎಂಜಿನ್ ಮಾಡಿದರು. ಅವರ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತುವ ಸ್ಟ್ರೋಕ್ (ಪಿಸ್ಟನ್ನಿನ ಓಟ) ಗಿಡ್ಡ, ಸುಟ್ಟ ಅನಿಲ ಪಿಸ್ಟನ್ ತಳ್ಳುವ ಸ್ಟ್ರೋಕ್ ಉದ್ದ. ಅದಕ್ಕಾಗಿ ಕನೆಕ್ಟಿಂಗ್ ರಾಡ್ ಜಾಗದಲ್ಲಿ ಸನ್ನೆಕೋಲುಗಳ ಒಂದು ಜಾಲವನ್ನೇ ಜೋಡಿಸಿದ್ದರು. ಭಾರ ಹೆಚ್ಚು, ಕೀಲು ಹೆಚ್ಚು, ಸವೆತ ಹೆಚ್ಚು. ಆ ಜೋಡಣೆ ಉಳಿಯಲಿಲ್ಲ. ವಿಚಾರ ಉಳಿಯಿತು. ಅಮೆರಿಕದ ರಾಲ್ಫ್ ಮಿಲ್ಲರ್ 1957ರಲ್ಲಿ ಪಡೆದ ಪೇಟೆಂಟ್‌ನಲ್ಲಿ ಅದೇ ಕೆಲಸವನ್ನು ವಾಲ್ವ್ ಮುಚ್ಚುವ ಹೊತ್ತು ಬದಲಿಸಿ ಸಾಧಿಸುವ ದಾರಿ ಇತ್ತು. 1997ರ ಪ್ರಿಯಸ್ ಅದನ್ನು ಹೈಬ್ರಿಡ್ ಕಾರಿಗೆ ತಂದಿತು. ನಮ್ಮಲ್ಲಿ 2022ರಿಂದ ಮಾರುತಿ, ಟೊಯೊಟಾ, ಹೋಂಡಾ ಮಾರುತ್ತಿರುವ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ) ಕಾರುಗಳ ಹೊಟ್ಟೆಯಲ್ಲಿರುವುದು 140 ವರ್ಷ ಹಳೆಯ ಈ ಬುದ್ಧಿಯೇ.

ಲೆಕ್ಕ ಹೀಗೆ. ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನ ಜಾಗ 130 ಸಿ.ಸಿ., ಮೇಲಿದ್ದಾಗ 10 ಸಿ.ಸಿ. ಇರಲಿ. ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವನ್ನು ಬೇಗ ಮುಚ್ಚದೆ, ಪಿಸ್ಟನ್ ಮೇಲೇರುತ್ತಾ ಜಾಗ 95 ಸಿ.ಸಿ.ಗೆ ಇಳಿದಾಗ ಮುಚ್ಚಿದರೆ, ಒಳಗೆಳೆದ ಗಾಳಿಯಲ್ಲಿ ಒಂದಷ್ಟು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಒತ್ತಿದ್ದು 95ರಿಂದ 10ಕ್ಕೆ, ಅಂದರೆ 9.5 ಪಟ್ಟು. ಹಿಗ್ಗಿದ್ದು 10ರಿಂದ 130ಕ್ಕೆ, ಅಂದರೆ 13 ಪಟ್ಟು. 95 ಸಿ.ಸಿ.ಗೆ ಸಾಕಾಗುವಷ್ಟೇ ಪೆಟ್ರೋಲ್ ಹಾಕಿ 130 ಸಿ.ಸಿ. ತನಕ ಅದರ ಕೈಲಿ ಕೆಲಸ ಮಾಡಿಸಿದಂತೆ. ಅರ್ಧಂಬರ್ಧ ಆಕ್ಸಿಲರೇಟರ್‌ನಲ್ಲಿ ಓಡುವಾಗ ಥ್ರಾಟಲ್ ಮುಚ್ಚಿಕೊಂಡು ಉಸಿರೆಳೆಯುವ ಕಷ್ಟವೂ ಕಡಿಮೆ. ಇದಕ್ಕೆ ತೆರಬೇಕಾದ ಬೆಲೆ, ಕೆಳಗಿನ ವೇಗದಲ್ಲಿ ಎಳೆತ ಕುಗ್ಗುವುದು. ಹೈಬ್ರಿಡ್ ಕಾರಿನಲ್ಲಿ ಆ ಕೊರತೆಯನ್ನು ಮೋಟಾರ್ ತುಂಬಿಕೊಡುತ್ತದೆ.

ಹಾಗಾದರೆ ಬೈಕಿನ ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ಭಾಗ) ತಿರುವಿ ಹಾಕಿಸಿ, ಹೆಡ್ (ಸಿಲಿಂಡರಿನ ಮುಚ್ಚಳ) ತೇಯಿಸಿದರೆ ಆಯಿತಲ್ಲ ಎಂದು ಕೇಳುವ ಹುಡುಗರಿದ್ದಾರೆ. ಕೇಳುವುದು ತಪ್ಪಲ್ಲ, ಕೆಡುವುದೆಲ್ಲಿ ಎಂದು ತಿಳಿದಿರಬೇಕು. ಮೊದಲನೆಯದು, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಇರುವ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಹಿಂದಕ್ಕೆ ತಳ್ಳಿದ ಮಿಶ್ರಣ ಕಾರ್ಬೊರೇಟರ್ ದಾಟಿ ಹೋಗಿ ಮುಂದಿನ ಸಲ ಮತ್ತೆ ಅದೇ ಜೆಟ್ ಮುಂದೆ ಹಾದು ಬರುತ್ತದೆ. ಹೋಗುವಾಗ, ಬರುವಾಗ, ಎರಡೂ ಸಲ ಪೆಟ್ರೋಲ್ ಹೀರುತ್ತದೆ. ಮಿಶ್ರಣ ದಪ್ಪವಾಗಿ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಇದ್ದದ್ದೂ ಇಳಿಯುತ್ತದೆ. ಎರಡನೆಯದು, ಕ್ಯಾಮ್ ಒಂದನ್ನೇ ಬದಲಿಸಿ ಹೆಡ್ ಹಾಗೇ ಬಿಟ್ಟರೆ ಒತ್ತಡ ಬಿದ್ದುಹೋಗಿ ಲಾಭದ ಬದಲು ನಷ್ಟ. ಹೆಡ್ ತೇಯಿಸುವುದೂ ಸಣ್ಣ ಕೆಲಸವಲ್ಲ. 50 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 97 ಸಿ.ಸಿ. ಎಂಜಿನ್ನಿನ ಒತ್ತುವ ಅನುಪಾತ 9ರಿಂದ 11ಕ್ಕೆ ಏರಬೇಕಾದರೆ ಮೇಲಿನ ಜಾಗ ಸುಮಾರು 12.1 ಸಿ.ಸಿ.ಯಿಂದ 9.7ಕ್ಕೆ ಇಳಿಯಬೇಕು, ಅಂದರೆ ಒಂದೂಕಾಲು ಮಿಲಿಮೀಟರ್ ತೆಗೆಯಬೇಕು. ಅಷ್ಟು ತೆಗೆದರೆ ಟೈಮಿಂಗ್ ಚೈನ್ ಸಡಿಲವಾಗಿ ಕ್ಯಾಮ್‌ನ ಹೊತ್ತೇ ಜಾರುತ್ತದೆ, ವಾಲ್ವ್ ಪಿಸ್ಟನ್ನಿಗೆ ತಾಗುವ ಅಪಾಯವೂ ಇದೆ. ಮೂರನೆಯದು ಕಾನೂನು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡಿ ಮಾಡುತ್ತದೆ. ರಸ್ತೆ ಮೇಲೆ ಓಡುವ ಗಾಡಿಯಲ್ಲಿ ಈ ಪ್ರಯೋಗ ಬೇಡವೇ ಬೇಡ.

ಇದೇ ಬುದ್ಧಿಗೆ ಹೇಳಿ ಮಾಡಿಸಿದ ಜಾಗ ಬೇರೆ ಇದೆ. ಭದ್ರಾ ನಾಲೆಯ ಕೊನೆಭಾಗದಲ್ಲಿ, ಹರಿಹರದ ಕಡೆ ತುಂಗಭದ್ರೆಯ ದಂಡೆಯಲ್ಲಿ, ಹಳ್ಳಗಳ ಬದಿಯಲ್ಲಿ ನೀರೆತ್ತುವ 5 ಎಚ್‌.ಪಿ. ಡೀಸೆಲ್ ಎಂಜಿನ್ನುಗಳು. ಇವಕ್ಕೆ ಓವರ್‌ಟೇಕ್ ಮಾಡುವ ಅವಸರವಿಲ್ಲ, ಗಂಟೆಗಟ್ಟಲೆ ಒಂದೇ ವೇಗ, ಒಂದೇ ಭಾರ. ಡೀಸೆಲ್ ಎಂಜಿನ್ನಿಗೆ ಥ್ರಾಟಲ್ ಇಲ್ಲ, ವಾಲ್ವ್ ತಡಮಾಡಿದರೆ ಒತ್ತಡ ಬಿದ್ದು ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟ. ಆದ್ದರಿಂದ ಇಲ್ಲಿ ಕ್ಯಾಮ್ ಮುಟ್ಟಬೇಕಿಲ್ಲ. ಹಳೆಯ ಎಂಜಿನ್ನಿನಿಂದ ತರಬೇಕಾದ್ದು ಎರಡು: ಅದರ ನಿಧಾನ, ಅದರ ಬಿಸಿನೀರು.

ಹಿಂದೆ ಹಿಟ್ಟಿನ ಗಿರಣಿಗಳಲ್ಲಿ ಟುಕ್ ಟುಕ್ ಎನ್ನುತ್ತಿದ್ದ, ರಾಜ್‌ಕೋಟ್‌ನಲ್ಲಿ ತಯಾರಾಗಿ ಬರುತ್ತಿದ್ದ ಲಿಸ್ಟರ್ ಮಾದರಿಯ ಎಂಜಿನ್ ನೆನಪಿದ್ದವರಿಗೆ ಇದು ಗೊತ್ತು. ನಾಲ್ಕೂವರೆ ಇಂಚು ಬೋರ್, ಐದೂವರೆ ಇಂಚು ಸ್ಟ್ರೋಕ್, ನಿಮಿಷಕ್ಕೆ 650 ಸುತ್ತು, 6 ಎಚ್‌.ಪಿ. ಸುತ್ತು ಕಡಿಮೆಯಾದರೆ ರಿಂಗು, ಬೇರಿಂಗುಗಳ ತಿಕ್ಕಾಟದಲ್ಲಿ ಹೋಗುವ ಶಕ್ತಿಯೂ ಕಡಿಮೆ. ಆ ಎಂಜಿನ್ ನಿಧಾನವಾಗಿ ತಿರುಗಿ, ಪ್ರತಿ ಸುತ್ತಿನಲ್ಲೂ ತುಂಬು ಭಾರ ಹೊರುತ್ತಿತ್ತು. ಇಂದಿನ 1500 ಸುತ್ತಿನ ಎಂಜಿನ್ ಪಂಪಿಗೆ ಹೊಂದದಿದ್ದರೆ ಬೇಗ ಬೇಗ ತಿರುಗಿ ಅರೆಭಾರ ಹೊರುತ್ತದೆ. ಡೀಸೆಲ್ ಹೋಗುವುದು ಅಲ್ಲಿ.

5 ಎಚ್‌.ಪಿ. ಅಂದರೆ 3.7 ಕಿಲೋವ್ಯಾಟ್. ಸುಸ್ಥಿತಿಯ ಸಣ್ಣ ಎಂಜಿನ್ ತುಂಬು ಭಾರದಲ್ಲಿ ಗಂಟೆಗೆ ಸುಮಾರು ಒಂದೂಕಾಲು ಲೀಟರ್ ಡೀಸೆಲ್ ಕುಡಿಯುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನ ನಿಯಮ ಏನೆಂದರೆ, ನೀರು ವೇಗದಷ್ಟೇ, ಎತ್ತುವ ಎತ್ತರ ವೇಗದ ವರ್ಗದಷ್ಟು, ಬೇಡುವ ಶಕ್ತಿ ವೇಗದ ಘನದಷ್ಟು. ಪಂಪನ್ನು 1500ರಿಂದ 1350 ಸುತ್ತಿಗೆ ಇಳಿಸಿದರೆ ನೀರು 100ರಿಂದ 90ಕ್ಕೆ ಇಳಿಯುತ್ತದೆ, ಶಕ್ತಿ 100ರಿಂದ 73ಕ್ಕೆ. 12–15 ಮೀಟರ್ ಹೆಡ್ (ನೀರೆತ್ತುವ ಎತ್ತರ) ಎಂದು ಬರೆದಿರುವ ಪಂಪಿನಲ್ಲಿ ನಾಲೆಯಿಂದ ನಾಲ್ಕೈದು ಮೀಟರ್ ಮಾತ್ರ ಎತ್ತುವವರಿಗೆ ಇದು ಹೊಂದುತ್ತದೆ. ಆದರೆ ಬಾವಿಯ ನೀರಿನ ಮಟ್ಟದಿಂದ ಪೈಪಿನ ಬಾಯಿಗೆ 10 ಮೀಟರ್ ಇದ್ದು ಪಂಪಿನ ಹೆಡ್ 12 ಮೀಟರ್ ಆಗಿದ್ದರೆ ಈ ಕೆಲಸ ಮಾಡಬಾರದು. 12ರಲ್ಲಿ ಶೇ 81 ಅಂದರೆ 9.7 ಮೀಟರ್, ನೀರು ತೀರಾ ಸೊರಗುತ್ತದೆ.

ಕಪ್ಲಿಂಗ್‌ನಲ್ಲಿ ನೇರ ಜೋಡಿಸಿದ ಸೆಟ್ಟಿನಲ್ಲಿ ಎಂಜಿನ್ ವೇಗವನ್ನು ಹಿಡಿದಿಡುವ ಗವರ್ನರ್‌ನ ಸ್ಕ್ರೂ ಸಡಿಲಿಸಿ ಎರಡನ್ನೂ ಒಟ್ಟಿಗೆ ಇಳಿಸುವುದೊಂದೇ ದಾರಿ. ಬೆಲ್ಟಿನ ಸೆಟ್ಟಾದರೆ ಇನ್ನೂ ಒಳ್ಳೆಯದು ಮಾಡಬಹುದು. ಈಗ ಎರಡೂ ಕಡೆ 6 ಇಂಚಿನ ಪುಲ್ಲಿ ಇದೆ ಎಂದುಕೊಳ್ಳಿ. ಎಂಜಿನ್ ಕಡೆ ಆರೂಮುಕ್ಕಾಲು ಇಂಚಿನದು ಹಾಕಿ ಎಂಜಿನ್ ವೇಗವನ್ನು 1200ಕ್ಕೆ ಇಳಿಸಿದರೆ ಪಂಪು 1350ರಲ್ಲೇ ತಿರುಗುತ್ತದೆ. ಪಂಪಿಗೆ ಬೇಕಾದ 2.7 ಕಿಲೋವ್ಯಾಟನ್ನು ಎಂಜಿನ್ ಈಗ 1200 ಸುತ್ತಿನಲ್ಲಿ ಕೊಡಬೇಕು, ಅದಕ್ಕೆ 21.5 ನ್ಯೂಟನ್-ಮೀಟರ್ ತಿರುಚುಬಲ ಸಾಕು. 1500ರಲ್ಲಿ ತುಂಬು ಭಾರ ಹೊರುವಾಗ ಅದೇ ಎಂಜಿನ್ ಕೊಡುತ್ತಿದ್ದದ್ದು 23.6. ಅಂದರೆ ಎಂಜಿನ್ ತನ್ನ ತುಂಬು ತಿರುಚುಬಲದ ಶೇ 91ರಷ್ಟು ಭಾರ ಹೊತ್ತು, ಐದರಲ್ಲಿ ಒಂದು ಪಾಲು ಕಡಿಮೆ ಸುತ್ತು ಸುತ್ತುತ್ತದೆ. ಲಿಸ್ಟರ್ ಮಾಡುತ್ತಿದ್ದದ್ದು ಇದನ್ನೇ, ಕಾರಿನ ಟಾಪ್ ಗೇರ್ ಮಾಡುವುದೂ ಇದನ್ನೇ.

ಪುಲ್ಲಿ ಎರಕದ್ದೇ ಇರಲಿ, ಅದನ್ನು ಶಾಫ್ಟಿಗೆ ಹಿಡಿದಿಡುವ ಕೀ ಬಿಗಿಯಾಗಿ ಕೂರಲಿ. 5 ಎಚ್‌.ಪಿ.ಗೆ ಬಿ ಸೆಕ್ಷನ್ನಿನ ಎರಡು ವಿ ಬೆಲ್ಟು ಸಾಕು, ಎರಡನ್ನೂ ಒಟ್ಟಿಗೇ ಹೊಸದು ಹಾಕಬೇಕು. ಒಂದು ಹಳತು ಒಂದು ಹೊಸತಾದರೆ ಹೊಸತೇ ಎಲ್ಲ ಭಾರ ಹೊತ್ತು ಬೇಗ ಕಿತ್ತುಬರುತ್ತದೆ. ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ನೋಡಿ, ನಾಲ್ಕು ಕಡೆಯೂ ತಾಗಬೇಕು. ಓಡಿಸಿದ ಮೇಲೆ ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಭಾರ ಹೆಚ್ಚಾಯಿತು, ಪುಲ್ಲಿಯನ್ನು ಕಾಲು ಇಂಚು ಚಿಕ್ಕದು ಮಾಡಿ. ವೇಗ ಏರಿಳಿಯುತ್ತಾ ಎಂಜಿನ್ ಉಯ್ಯಾಲೆಯಾಡಿದರೆ ಗವರ್ನರ್ ಸ್ಪ್ರಿಂಗ್ ಅತಿ ಸಡಿಲವಾಗಿದೆ. 1200ಕ್ಕಿಂತ ಕೆಳಗೆ ಹೋಗಬೇಡಿ. ಆಯಿಲ್ ಪಂಪು, ಆಯಿಲ್ ಚಿಮ್ಮಿಸುವ ಚಮಚ ಎರಡೂ ವೇಗವನ್ನು ನಂಬಿಕೊಂಡಿರುವಂಥವು.

ವೇಗ ಇಳಿಸಿದ ಮೇಲೆ ಟೈಮಿಂಗ್ (ಸಿಲಿಂಡರಿಗೆ ಡೀಸೆಲ್ ಬೀಳುವ ಹೊತ್ತು) ನೋಡದೆ ಬಿಡುವುದು ಅತಿ ಸಾಮಾನ್ಯವಾದ ತಪ್ಪು. ನಾಜಲ್‌ನಿಂದ ಚಿಮ್ಮಿದ ಡೀಸೆಲ್ ಹೊತ್ತಿಕೊಳ್ಳಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. 1500 ಸುತ್ತಿನಲ್ಲಿ ಆ ಹೊತ್ತಿಗೆ ಕ್ರ್ಯಾಂಕ್ 9 ಡಿಗ್ರಿ ತಿರುಗಿರುತ್ತದೆ, 1200ರಲ್ಲಿ 7 ಡಿಗ್ರಿ ಚಿಲ್ಲರೆ. ಹಾಗಾಗಿ ಹಳೆಯ ಟೈಮಿಂಗ್‌ನಲ್ಲೇ ಓಡಿಸಿದರೆ ಬೆಂಕಿ ಎರಡು ಡಿಗ್ರಿಯಷ್ಟು ಬೇಗ ಹೊತ್ತಿ, ಪಿಸ್ಟನ್ ಮೇಲೇರುವಾಗಲೇ ಎದುರಿನಿಂದ ತಳ್ಳುತ್ತದೆ. ಕಬ್ಬಿಣದ ಮೇಲೆ ಸುತ್ತಿಗೆ ಬಡಿದಂಥ ಸದ್ದು ಬರುವುದು ಅದಕ್ಕೆ. ಕಾಲೇಜು ಲ್ಯಾಬುಗಳಲ್ಲಿ ಸಾಮಾನ್ಯವಾಗಿರುವ ಕಿರ್ಲೋಸ್ಕರ್ ಟಿವಿ1 ಎಂಜಿನ್ನಿನ ಟೈಮಿಂಗ್ ಟಿ.ಡಿ.ಸಿ.ಗೆ (ಪಿಸ್ಟನ್ ತೀರಾ ಮೇಲೆ ಬರುವ ಜಾಗಕ್ಕೆ) 23 ಡಿಗ್ರಿ ಮೊದಲು, ನಾಜಲ್ ಒತ್ತಡ 200 ಬಾರ್. ನಿಮ್ಮ ಎಂಜಿನ್ನಿನದು ಅದರ ಪುಸ್ತಕದಲ್ಲಿರುತ್ತದೆ. ನೋಡುವ ರೀತಿ ಹೀಗೆ: ಡೀಸೆಲ್ ಪಂಪಿನಿಂದ ನಾಜಲ್‌ಗೆ ಹೋಗುವ ಹೈ ಪ್ರೆಷರ್ ಪೈಪ್ ಬಿಚ್ಚಿ, ಡೀಸೆಲ್ ಲಿವರನ್ನು ಪೂರ್ತಿ ತೆರೆದಿಟ್ಟು, ಫ್ಲೈವೀಲನ್ನು ಕೈಯಲ್ಲಿ ಅದು ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಪಂಪಿನ ಬಾಯಲ್ಲಿ ಡೀಸೆಲ್ ಕನ್ನಡಿಯಂತೆ ನಿಂತಿರುತ್ತದೆ. ಅದು ಮೊದಲ ಸಲ ಅಲುಗಿ ಉಬ್ಬಿದ ಗಳಿಗೆಯಲ್ಲಿ ತಿರುಗಿಸುವುದು ನಿಲ್ಲಿಸಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಅಲ್ಲಿಂದ ಟಿ.ಡಿ.ಸಿ. ಗುರುತಿನವರೆಗೆ ಟೇಪ್ ಹಿಡಿದು ಅಳೆಯಿರಿ. ಫ್ಲೈವೀಲ್ ಸುತ್ತಳತೆ 1440 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ 4 ಮಿ.ಮೀ., 23 ಡಿಗ್ರಿಗೆ 92. ಡೀಸೆಲ್ ಪಂಪಿನ ಬುಡದಲ್ಲಿ ಶಿಮ್ (ತೆಳು ತಗಡು) ಸೇರಿಸಿದರೆ ಡೀಸೆಲ್ ತಡವಾಗಿ ಬೀಳುತ್ತದೆ, ತೆಗೆದರೆ ಬೇಗ. ಎರಡು ಡಿಗ್ರಿ ತಡಕ್ಕೆ ಗುರುತು 8 ಮಿ.ಮೀ. ಟಿ.ಡಿ.ಸಿ. ಕಡೆ ಸರಿಯಬೇಕು. ಒಂದೊಂದೇ ಶಿಮ್ ಹಾಕಿ, ಪ್ರತಿ ಸಲವೂ ಅಳೆದು ನೋಡಿ.

ಇನ್ನು ನೀರು. ಪಂಪಿನ ಡೆಲಿವರಿಯಿಂದ ಒಂದು ಸಣ್ಣ ಪೈಪು ಎಳೆದು ತಣ್ಣೀರನ್ನು ಎಂಜಿನ್ ಜಾಕೆಟ್ಟಿಗೆ (ಸಿಲಿಂಡರಿನ ಸುತ್ತ ನೀರು ಹರಿಯುವ ಪೊಳ್ಳಿಗೆ) ಬಿಟ್ಟು ಹೊರಗೆ ಸುರಿಯುವುದು ಎಲ್ಲ ಹೊಲದಲ್ಲೂ ಕಾಣುತ್ತದೆ. ಹೊರಬರುವ ನೀರು ಕೈ ತೊಳೆಯುವಷ್ಟು ಬೆಚ್ಚಗಿದ್ದರೆ ‘ಎಂಜಿನ್ ತಂಪಾಗಿದೆ’ ಎಂದು ಸಮಾಧಾನ. ಅದು ಸಮಾಧಾನದ ವಿಷಯವಲ್ಲ. ಸಿಲಿಂಡರಿನ ಒಳಗಿನ ಕೊಳವೆಯಾದ ಲೈನರ್ ತಣ್ಣಗಿದ್ದರೆ ಅದರ ಗೋಡೆಗೆ ತಾಗಿದ ಡೀಸೆಲ್ ಸುಡದೆ ಆಯಿಲ್ ಪದರವನ್ನು ತೊಳೆದು ಕೆಳಗಿಳಿಯುತ್ತದೆ, ಆಯಿಲ್ ತೆಳ್ಳಗಾಗುತ್ತದೆ, ರಿಂಗು ಸವೆಯುತ್ತದೆ. ಹಳೆಯ ಎಂಜಿನ್ನುಗಳ ಪಕ್ಕದಲ್ಲಿ ಇರುತ್ತಿದ್ದ ನೀರಿನ ಡ್ರಮ್ಮು ಇದಕ್ಕೇ ಇತ್ತು. 200 ಲೀಟರಿನ ಡ್ರಮ್ಮಿನ ತಳದಿಂದ ಜಾಕೆಟ್ಟಿನ ಕೆಳಗಿನ ತೂತಿಗೆ ಒಂದು ಪೈಪು, ಜಾಕೆಟ್ಟಿನ ಮೇಲಿನ ತೂತಿನಿಂದ ಡ್ರಮ್ಮಿನ ಮೇಲ್ಭಾಗಕ್ಕೆ ಇನ್ನೊಂದು, ಎರಡೂ ಒಂದೂಕಾಲು ಇಂಚಿಗೆ ಕಡಿಮೆ ಬೇಡ. ಬಿಸಿನೀರು ತಾನೇ ಮೇಲೇರಿ ತಣ್ಣೀರನ್ನು ಎಳೆದುಕೊಳ್ಳುತ್ತದೆ, ಪಂಪು ಬೇಕಿಲ್ಲ. ಮೇಲಿನ ಪೈಪು ಉದ್ದಕ್ಕೂ ಏರುತ್ತಲೇ ಹೋಗಬೇಕು, ನಡುವೆ ತಗ್ಗಿ ಎದ್ದರೆ ಅಲ್ಲಿ ಗಾಳಿ ಕೂತು ಹರಿವು ನಿಲ್ಲುತ್ತದೆ. ಡ್ರಮ್ಮಿನ ನೀರು ಯಾವಾಗಲೂ ಮೇಲಿನ ಪೈಪಿನ ಬಾಯಿಗಿಂತ ನಾಲ್ಕು ಬೆರಳು ಮೇಲಿರಬೇಕು. ಆವಿಯಾಗಿ ಬಾಯಿಗಿಂತ ಕೆಳಗಿಳಿಯಿತೋ, ಸುತ್ತು ತಪ್ಪಿ ಎಂಜಿನ್ ಹೆಡ್ ಬಿರುಕು ಬಿಡುತ್ತದೆ.

ಒಂದು ಡ್ರಮ್ಮು ಎಷ್ಟು ಹೊತ್ತಿಗೆ ಸಾಕು? ಗಂಟೆಗೆ ಒಂದೂಕಾಲು ಲೀಟರ್ ಡೀಸೆಲ್ಲಿನ ಶಾಖ ಸುಮಾರು 44 ಮೆಗಾಜೌಲ್, ಅದರಲ್ಲಿ ಶೇ 30 ನೀರಿಗೆ ಬಂದರೆ 200 ಲೀಟರ್ ನೀರು ಗಂಟೆಗೆ 15–16 ಡಿಗ್ರಿ ಬಿಸಿಯಾಗುತ್ತದೆ. 28 ಡಿಗ್ರಿಯಲ್ಲಿ ಶುರುವಾದದ್ದು ಮೂರು ಗಂಟೆಯಲ್ಲಿ 75ರ ಹತ್ತಿರ ಬರುತ್ತದೆ. ಆಮೇಲೆ ಆವಿಯಲ್ಲಿ ಹೋಗುವ ಶಾಖ ಹೆಚ್ಚುತ್ತದಾದರೂ ದಿನವಿಡೀ ಓಡಿಸುವವರಿಗೆ ಎರಡು ಡ್ರಮ್ಮು ಜೋಡಿಸುವುದೇ ಸರಿ. ಡ್ರಮ್ಮಿಗೆ ಜಾಗವಿಲ್ಲದಿದ್ದರೆ ಜಾಕೆಟ್ಟಿಗೆ ನೀರು ಬರುವ ಕಡೆ ಕಾಕ್ (ನಲ್ಲಿ) ಹಾಕಿ, ಹೊರಬರುವ ನೀರು 60–70 ಡಿಗ್ರಿ ಬರುವಂತೆ ಹಿಡಿತ ಮಾಡಿ. ಹೊರಹೋಗುವ ಕಡೆ ಮಾತ್ರ ಕಾಕ್ ಬೇಡ. ಯಾರಾದರೂ ಮರೆತು ಮುಚ್ಚಿದರೆ ಆವಿ ಹೋಗಲು ದಾರಿಯಿರುವುದಿಲ್ಲ.

ಇದಿಷ್ಟರ ಜೊತೆ ಫುಟ್‌ವಾಲ್ವ್ ಜಾಲರಿ ತೊಳೆಯುವುದು, ಎಲ್ಬೋ ಬದಲು ಉದ್ದನೆಯ ಬೆಂಡ್ ಹಾಕುವುದು, ಡೆಲಿವರಿ ಪೈಪಿನ ಬಾಯಿಯನ್ನು ಬದುವಿನ ಮಟ್ಟಕ್ಕೆ ಇಳಿಸುವುದು, ಇವೂ ಬೇಕು. 5 ಮೀಟರ್ ಎತ್ತಬೇಕಾದ ಕಡೆ ನೀರು ಚೆಂದ ಬೀಳಲೆಂದು ಪೈಪನ್ನು ಒಂದು ಮೀಟರ್ ಮೇಲಕ್ಕೆತ್ತಿದರೆ ಐದರಲ್ಲೊಂದು ಪಾಲು ಹೆಚ್ಚಿನ ಕೆಲಸವನ್ನು ಎಂಜಿನ್ ಸುಮ್ಮನೆ ಮಾಡಬೇಕು.

ಶೇಂಗಾ ಎಣ್ಣೆಯಲ್ಲೇ ಎಂಜಿನ್ ಓಡಿಸಬಹುದಲ್ಲ ಎಂದು ಚಳ್ಳಕೆರೆಯ ಗಾಣಗಳ ಕಡೆಯವರು ಕೇಳುವ ಪ್ರಶ್ನೆಗೂ ಉತ್ತರ ಇಲ್ಲೇ ಹೇಳಬೇಕು. ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡುವುದು ನಿಜ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಸಣ್ಣ ಎಂಜಿನ್ನನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ಆದರೆ ಕಚ್ಚಾ ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟು ಮಂದ. ಬಿಸಿ ಮಾಡದೆ ಹಾಕಿದರೆ ನಾಜಲ್ ಮಂಜಿನಂತೆ ಚಿಮ್ಮದೆ ಧಾರೆ ಬಿಡುತ್ತದೆ, ನಾಜಲ್ ತುದಿಗೆ ಕಿಟ್ಟ ಕಟ್ಟುತ್ತದೆ, ರಿಂಗು ಅಂಟಿಕೊಳ್ಳುತ್ತದೆ. ಶೇಂಗಾ ಎಣ್ಣೆಯ ಇಂದಿನ ಬೆಲೆಗೆ ಅದನ್ನು ಒಗ್ಗರಣೆಗೆ ಬಿಟ್ಟು ಎಂಜಿನ್ನಿಗೆ ಹಾಕುವ ಮಾತೇ ಇಲ್ಲ.

ಮೇಲಿನ ಯಾವುದನ್ನೂ ನಂಬಿಕೆಯ ಮೇಲೆ ಒಪ್ಪಬೇಕಿಲ್ಲ, ಅಳೆದೇ ನೋಡಬಹುದು. ಡೀಸೆಲ್ ಪೈಪಿಗೆ ಟೀ ಜಾಯಿಂಟು ಮತ್ತು ಕಾಕ್ ಹಾಕಿ, ಮಿ.ಲೀ. ಗುರುತಿರುವ ಬಾಟಲಿ ತೂಗುಹಾಕಿ, 100 ಮಿ.ಲೀ. ಖಾಲಿಯಾಗಲು ಎಷ್ಟು ಸೆಕೆಂಡು ಎಂದು ನೋಡಿ. ಗಂಟೆಗೆ ಒಂದೂಕಾಲು ಲೀಟರ್ ಕುಡಿಯುವ ಎಂಜಿನ್ 4 ನಿಮಿಷ 48 ಸೆಕೆಂಡಿನಲ್ಲಿ ಮುಗಿಸುತ್ತದೆ. ಹಾಗೇ ಸಾವಿರ ಲೀಟರಿನ ಟ್ಯಾಂಕ್ ತುಂಬಲು ಎಷ್ಟು ಸೆಕೆಂಡು ಎಂದೂ ಬರೆದುಕೊಳ್ಳಿ. 200 ಲೀಟರ್ ಡ್ರಮ್ಮು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತುಂಬುವುದರಿಂದ ಲೆಕ್ಕ ತಪ್ಪುತ್ತದೆ. ಟ್ಯಾಂಕು ಒಂದು ನಿಮಿಷದಲ್ಲಿ ತುಂಬಿದರೆ ಸಾವಿರ ಲೀಟರಿಗೆ ಸುಮಾರು 21 ಮಿ.ಲೀ. ಡೀಸೆಲ್ ಆಯಿತು. ಮೇಲೆ ಹೇಳಿದ ಪಂಪಿನ ಲೆಕ್ಕದಲ್ಲಿ, 73ನ್ನು 90ರಿಂದ ಭಾಗಿಸಿದರೆ, ಅದು 17ಕ್ಕೆ ಇಳಿಯಬೇಕು. ಹೊಲದಲ್ಲಿ ಬೆಲ್ಟ್ ಜಾರಿಕೆ, ಪೈಪಿನ ತಿಕ್ಕಾಟ ಕಳೆದು 18 ಬಂದರೂ ಗೆದ್ದಂತೆ. ಹೊಗೆಯ ಬಣ್ಣ, ಸದ್ದು, ಮೈಲೇಜ್ ಕಿಟ್ ಮಾರುವವನ ಮಾತು ಎಲ್ಲಕ್ಕಿಂತ ಈ ಒಂದು ಅಂಕಿ ಮೇಲು.

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಇದೇ ಬಾಟಲಿ, ಇದೇ ಸ್ಟಾಪ್‌ವಾಚ್ ಹಿಡಿದು ಲ್ಯಾಬಿನಲ್ಲಿ ಡೀಸೆಲ್ ಖರ್ಚಿನ ಪ್ರಯೋಗ ಮಾಡುತ್ತಾರೆ. ಬೇಸಿಗೆ ಬೆಳೆಗೆ ನೀರು ಹಾಯಿಸುವ ಮುಂಚೆ, ಜನವರಿಯಲ್ಲಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಒಂದೊಂದು ದಿನ ಈ ಪರೀಕ್ಷೆ ನಡೆಯಲಿ. ವಿದ್ಯಾರ್ಥಿಗಳು ಅಳೆಯಲಿ, ಊರಿನ ಮೆಕ್ಯಾನಿಕ್‌ಗಳು ಪುಲ್ಲಿ, ಶಿಮ್, ಕಾಕ್ ಸರಿಮಾಡಲಿ, ರೈತರು ಮುಂದೆ ನಿಂತು ನೋಡಲಿ. ಬೇಕಾದ್ದು ಒಂದು ಟ್ಯಾಕೋಮೀಟರ್, ಒಂದು ಥರ್ಮಾಮೀಟರ್, ನಾಜಲ್ ಪರೀಕ್ಷಿಸುವ ಒಂದು ಕೈಪಂಪು, ಒಂದು ಟ್ಯಾಂಕು. ಸಬ್ಸಿಡಿಯಲ್ಲಿ ಪಂಪ್‌ಸೆಟ್ ಕೊಡುವ ಇಲಾಖೆಗಳು ಎಚ್‌.ಪಿ. ಒಂದನ್ನೇ ನೋಡಿ ಕೊಡುವುದನ್ನು ಬಿಟ್ಟು, ಇಷ್ಟು ಮೀಟರ್ ಎತ್ತರಕ್ಕೆ ಸಾವಿರ ಲೀಟರ್ ನೀರೆತ್ತಲು ಎಷ್ಟು ಮಿ.ಲೀ. ಡೀಸೆಲ್ ಬೇಕೆಂದು ಎಂಜಿನ್ನಿನ ಮೇಲೆ ಕನ್ನಡದಲ್ಲಿ ಬರೆಸಿಯೇ ಕೊಡಲಿ.

— ಡೀಸೆಲ್ ಎಂಜಿನ್ ಕೆಲಸಗಾರರು ಮತ್ತು ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರು, ದಾವಣಗೆರೆ